ಗೀರಿನ ಆಳ

ನಿಲ್ಲಿಸಿ ಹೋದ ಕಾರಿನ ಬಾಗಿಲ ಮೇಲೆ ಮೊಳೆಯಲ್ಲೋ ಕೀಲಿಕೈಯಲ್ಲೋ ಎಳೆದ ಗೀರು ಕಂಡರೆ ಮಾಲೀಕನಿಗೆ ಮೊದಲು ಹೊಳೆಯುವುದು ‘ಯಾರು ಮಾಡಿದರು’ ಎಂಬ ಪ್ರಶ್ನೆ. ಅದರ ಹಿಂದೆಯೇ ‘ಎಷ್ಟು ದುಡ್ಡು ಬೀಳುತ್ತದೆ’ ಎಂಬುದು. ಗ್ಯಾರೇಜಿನ ಪೇಂಟರ್ ಎರಡಕ್ಕೂ ಉತ್ತರಿಸುವುದಿಲ್ಲ. ಉಗುರಿನ ತುದಿಯನ್ನು ಗೀರಿಗೆ ಅಡ್ಡಲಾಗಿ ಮೆಲ್ಲಗೆ ಎಳೆಯುತ್ತಾನೆ. ‘ಉಗುರು ಸಿಗ್ತದ ನೋಡ್ರಿ’ ಎಂದನೆಂದರೆ ಕೆಲಸ ದೊಡ್ಡದು. ಜಾರಿ ಹೋಯಿತೆಂದರೆ ಪಾಲಿಶ್‌ನಲ್ಲೇ ಮುಗಿಯಬಹುದು. ಆ ಉಗುರು ಅಳೆಯುತ್ತಿರುವುದು ಮಿಲಿಮೀಟರಿನ ನೂರನೇ ಭಾಗಗಳನ್ನು. ಗೀರು ಗೇಣುದ್ದವೋ ಕಾರಿನುದ್ದವೋ ಎಂಬುದಕ್ಕಿಂತ ಅದು ಎಷ್ಟು ಕೆಳಗಿಳಿದಿದೆ ಎಂಬುದರ ಮೇಲೆ ರಿಪೇರಿಯ ದಾರಿ, ಖರ್ಚು, ತುಕ್ಕಿನ ಭಯ ಎಲ್ಲವೂ ನಿಂತಿವೆ. ಯಾರು ಮಾಡಿದರು ಎಂಬುದರ ಸುಳಿವು ಕೂಡ ಎಷ್ಟೋ ಸಲ ಅಲ್ಲೇ ಇರುತ್ತದೆ.

ಕಾರಿನ ಬಾಗಿಲಿನ ಉಕ್ಕಿನ ತಗಡು ಸುಮಾರು 0.7 ಮಿಲಿಮೀಟರ್ ದಪ್ಪ. ಕಾರ್ಖಾನೆಯಲ್ಲಿ ಅದಕ್ಕೆ ಮೊದಲು ಸತುವಿನ ಫಾಸ್ಫೇಟಿನ ತೆಳು ಲೇಪ ಕೊಡುತ್ತಾರೆ. ಅನಂತರ ಇಡೀ ಬಾಡಿಯನ್ನು ಬಣ್ಣದ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹರಿಸುತ್ತಾರೆ. ವಿದ್ಯುದಂಶ ಹೊತ್ತ ರಾಳದ ಕಣಗಳು ಬಾಗಿಲ ಒಳಮೂಲೆಗಳಿಗೂ ಹೋಗಿ ಕೂರುತ್ತವೆ. ಈ ಪದರ ಸುಮಾರು 20 ಮೈಕ್ರಾನ್. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ತುಕ್ಕು ತಡೆಯುವ ಮುಖ್ಯ ಹೊಣೆ ಇದರದ್ದೇ. ಅದರ ಮೇಲೆ 30 ಮೈಕ್ರಾನ್ ಆಸುಪಾಸಿನ ಪ್ರೈಮರ್, ಮೇಲೆ 15 ಮೈಕ್ರಾನ್‌ನಷ್ಟು ಬಣ್ಣ, ಕೊನೆಗೆ 40ರಿಂದ 50 ಮೈಕ್ರಾನ್ ದಪ್ಪದ ಪಾರದರ್ಶಕ ಕ್ಲಿಯರ್ ಕೋಟ್. ಗ್ಯಾರೇಜಿನವರು ಇದನ್ನು ಲ್ಯಾಕರ್ ಎನ್ನುತ್ತಾರೆ. ಎಲ್ಲ ಸೇರಿದರೂ ಎರಡು ತಲೆಗೂದಲು ಪಕ್ಕಪಕ್ಕ ಇಟ್ಟಷ್ಟು ದಪ್ಪ ಆದೀತು. ಇದರಲ್ಲಿ ಗಮನಿಸಬೇಕಾದದ್ದು, ಕಾರು ಕೆಂಪಗೋ ನೀಲಿಯಾಗಿಯೋ ಕಾಣಲು ಕಾರಣವಾದ ಪದರವೇ ಈ ನಾಲ್ಕರಲ್ಲಿ ಎಲ್ಲಕ್ಕಿಂತ ತೆಳ್ಳಗಿದೆ ಎಂಬುದು. ಹೊಳಪು, ಬಿಸಿಲಿನಿಂದ ರಕ್ಷಣೆ, ಉಜ್ಜಿದರೆ ತಾಳುವ ಶಕ್ತಿ ಎಲ್ಲವೂ ಮೇಲಿನ ಬಣ್ಣವಿಲ್ಲದ ಪದರದ ಕೆಲಸ.

ಕೀಲಿಕೈಯ ತುದಿ ಈ ಪದರದ ಮೇಲೆ ಮಾಡುವುದು ಎರೆಹೊಲದಲ್ಲಿ ನೇಗಿಲು ಮಾಡುವ ಕೆಲಸವನ್ನೇ. ನಡುವೆ ಸಾಲು ಬಿದ್ದು, ಕಿತ್ತದ್ದರಲ್ಲಿ ಒಂದಿಷ್ಟು ಎರಡೂ ಬದಿಗೆ ದಿಬ್ಬವಾಗಿ ಏಳುತ್ತದೆ. ಕ್ಲಿಯರ್ ಕೋಟ್ ಒಂದು ಪ್ಲಾಸ್ಟಿಕ್. ಒತ್ತಡಕ್ಕೆ ಸ್ವಲ್ಪ ಹರಿಯುತ್ತದೆ, ಮಿತಿ ಮೀರಿದರೆ ಸೀಳಿ ಬಿರುಕು ಬಿಡುತ್ತದೆ. ಹಗುರವಾದ ಗೀರಿನಲ್ಲಿ ದಿಬ್ಬ-ಸಾಲು ನಯವಾಗಿರುತ್ತವೆ. ಜೋರಾಗಿ ಒತ್ತಿ ಎಳೆದದ್ದರಲ್ಲಿ ಅಂಚು ಚೂರುಚೂರಾಗಿರುತ್ತದೆ. ಭೂತಗನ್ನಡಿ ಹಿಡಿದು ನೋಡಿದರೆ ವ್ಯತ್ಯಾಸ ಸ್ಪಷ್ಟ.

ಕಪ್ಪು ಕಾರಿನ ಮೇಲಿನ ಗೀರು ಬೆಳ್ಳಗೆ ಕಾಣುವುದಕ್ಕೂ ಇದೇ ಕಾರಣ. ಎಷ್ಟೋ ಜನ ಅದನ್ನು ಪ್ರೈಮರ್ ಎಂದು ತಿಳಿದು ಗಾಬರಿಯಾಗುತ್ತಾರೆ. ನಯವಾದ ಮೇಲ್ಮೈ ಬೆಳಕನ್ನು ಒಂದೇ ದಿಕ್ಕಿಗೆ ಮರಳಿಸುತ್ತದೆ. ಚೂರಾದ ಅಂಚು ಎಲ್ಲ ದಿಕ್ಕಿಗೂ ಚದುರಿಸುತ್ತದೆ, ಚದುರಿದ ಬೆಳಕು ನಮ್ಮ ಕಣ್ಣಿಗೆ ಬಿಳಿ. ಗೀರಿಗೆ ನೀರು ಹಚ್ಚಿ ನೋಡಿ. ಕ್ಲಿಯರ್ ಕೋಟಿನ ವಕ್ರೀಭವನ ಸೂಚ್ಯಂಕ ಸುಮಾರು 1.5, ಗಾಳಿಯದು 1, ನೀರಿನದು 1.33. ಸಾಲಿನೊಳಗೆ ಗಾಳಿಯ ಬದಲು ನೀರು ತುಂಬಿದಾಗ ಎರಡರ ನಡುವಿನ ಅಂತರ ಇಳಿಯುತ್ತದೆ, ಚದುರುವಿಕೆಯೂ ಇಳಿಯುತ್ತದೆ, ಗೀರು ಮಂಕಾಗುತ್ತದೆ ಅಥವಾ ಮಾಯವಾಗುತ್ತದೆ. ಹಾಗೆ ಮಾಯವಾದರೆ ಬಣ್ಣದ ಪದರಕ್ಕೆ ಏನೂ ಆಗಿಲ್ಲ ಎಂದರ್ಥ. ನೀರಿನಡಿಯಲ್ಲೂ ಬೂದು ಅಥವಾ ಬಿಳಿ ಗೆರೆ ಹಾಗೇ ನಿಂತರೆ ಅದು ನಿಜವಾಗಿಯೂ ಪ್ರೈಮರ್ ಅಥವಾ ಅದಕ್ಕೂ ಕೆಳಗಿನದು. ಕುಸುಬಿ ಎಣ್ಣೆ ಹಚ್ಚಿದರೆ ಗೀರು ಇನ್ನೂ ಚೆನ್ನಾಗಿ ಮುಚ್ಚುತ್ತದೆ, ಏಕೆಂದರೆ ಅದರ ಸೂಚ್ಯಂಕ 1.47ರ ಆಸುಪಾಸು, ಕ್ಲಿಯರ್ ಕೋಟಿಗೆ ಬಹಳ ಹತ್ತಿರ. ಹಳೇ ಕಾರು ಕೊಳ್ಳಲು ಹೋದವರು ಅತಿಯಾಗಿ ಮಿರುಗುವ ಗಾಡಿಯನ್ನು ಸೋಪು ನೀರಿನಿಂದ ತೊಳೆಸಿ ನೋಡಬೇಕು ಎನ್ನುವುದು ಇದಕ್ಕೇ. ರಿಪೇರಿಗೆ ಕೊಡುವ ಗಾಡಿಗೆ ಮಾತ್ರ ಎಣ್ಣೆಯ ಪರೀಕ್ಷೆ ಬೇಡ. ಜಿಡ್ಡು ಉಳಿದ ಕಡೆ ಹೊಸ ಬಣ್ಣ ಹಿಡಿಯದೆ ಕುಳಿ ಬೀಳುತ್ತದೆ.

ಈಗ ‘ಯಾರು’ ಎಂಬ ಪ್ರಶ್ನೆಗೆ ಬರೋಣ. ಗೀರಿನ ವಿಷಯದಲ್ಲಿ ಅಕ್ಕಪಕ್ಕದವರ ಮೇಲೆ, ಪರಿಚಯದ ಹುಡುಗರ ಮೇಲೆ ಬೀಳುವ ಅನುಮಾನ ಬಣ್ಣಕ್ಕಿಂತ ಹೆಚ್ಚು ಹಾಳು ಮಾಡುತ್ತದೆ. ಹಾಗಾಗಿ ಗೀರನ್ನು ಓದಲು ಕಲಿಯುವುದು ಮುಖ್ಯ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿ ದಾರಿಗಳ ಎರಡೂ ಬದಿ ಬಳ್ಳಾರಿ ಜಾಲಿ ಬೆಳೆದು ನಿಂತಿದೆ. ಎದುರಿನಿಂದ ಕಬ್ಬಿನ ಟ್ರ್ಯಾಕ್ಟರ್ ಬಂದರೆ ಕಾರು ಜಾಲಿಗೆ ಒತ್ತಿಕೊಂಡೇ ನಿಲ್ಲಬೇಕು. ಜಾಲಿ ಮುಳ್ಳು ಎಳೆಯುವ ಗೀರುಗಳು ಹಲವು, ತೆಳ್ಳಗೆ, ಬಹುತೇಕ ಸಮಾನಾಂತರ. ಕೊಂಬೆ ಬಾಗಿ ಜಾರಿದಂತೆ ಕ್ರಮೇಣ ಹಗುರಾಗುತ್ತ ಹೋಗುತ್ತವೆ. ಕಬ್ಬಿನ ಗರಿಯ ಅಂಚಿನಲ್ಲಿ ಸಿಲಿಕಾ ಇದೆ. ಅದು ಉಜ್ಜಿದ ಕಡೆ ಮಂಜು ಕವಿದಂತೆ ಮಂಕಾಗುತ್ತದೆ, ಉಗುರಿಗೆ ಸಿಗುವುದಿಲ್ಲ. ಬೇಕೆಂದೇ ಎಳೆದ ಗೀರು ಬೇರೆ. ನಡೆಯುತ್ತ ಕೈ ಇಳಿಬಿಟ್ಟ ಮನುಷ್ಯನ ಸೊಂಟದ ಎತ್ತರದಲ್ಲಿ, ಒಂದೇ ಗೆರೆಯಾಗಿ, ಮೊದಲು ಒತ್ತಿದ ಕಡೆ ಆಳವಾಗಿ ಶುರುವಾಗುತ್ತದೆ. ಬಾಗಿಲ ಸಂದು ದಾಟುವಾಗ ಎರಡನೇ ಬಾಗಿಲ ಅಂಚಿನಲ್ಲಿ ಚಕ್ಕೆ ಏಳುತ್ತದೆ. ಆ ಚಕ್ಕೆ ಯಾವ ಅಂಚಿನಲ್ಲಿದೆ ಎಂಬುದರಿಂದ ಕೈ ಮುಂದಿನಿಂದ ಹಿಂದಕ್ಕೆ ಹೋಯಿತೋ ಹಿಂದಿನಿಂದ ಮುಂದಕ್ಕೋ ಎಂದು ಹೇಳಬಹುದು. ಇದು ಅಪರಾಧಿಯ ಹೆಸರು ಹೇಳುವುದಿಲ್ಲ, ಆದರೆ ಜಾಲಿ ಮಾಡಿದ ಕೆಲಸಕ್ಕೆ ಮನುಷ್ಯನನ್ನು ಬೈಯುವುದನ್ನು ತಪ್ಪಿಸುತ್ತದೆ.

ಬೇಕೆಂದೇ ಮಾಡಿದ್ದೆಂದು ಖಚಿತವಾದರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 324ನೇ ಕಲಂ ಅನ್ವಯಿಸುತ್ತದೆ. ನಷ್ಟ 20,000 ರೂಪಾಯಿ ದಾಟಿದರೆ ಶಿಕ್ಷೆಯ ಮಿತಿಯೂ ಏರುತ್ತದೆ. ವಿಮೆಯ ಮಾತು ಸ್ವಲ್ಪ ಲೆಕ್ಕದ್ದು. ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಇದಕ್ಕೆ ಬಿಡಿಗಾಸೂ ಸಿಗದು. ಪೂರ್ಣ ಪಾಲಿಸಿಯಲ್ಲಿ ಸಿಗುತ್ತದೆ, ಆದರೆ ಮೊದಲ 1,000 ಅಥವಾ 2,000 ರೂಪಾಯಿ ನಮ್ಮ ಕೈಯಿಂದಲೇ, ಮೇಲಾಗಿ ಐದು ವರ್ಷಕ್ಕೆ 50 ಪ್ರತಿಶತ ಮುಟ್ಟುವ ನೋ ಕ್ಲೇಮ್ ಬೋನಸ್ ಹೋಗುತ್ತದೆ. ಕ್ಲಿಯರ್ ಕೋಟಿನಲ್ಲೇ ನಿಂತ ಗೀರಿಗೆ ಕ್ಲೇಮ್ ಹಾಕುವುದು ನಷ್ಟದ ಬಾಬತ್ತು.

ರಿಪೇರಿಯ ಮೊದಲು ಇನ್ನೊಂದು ವಿಷಯ ತಿಳಿಯಬೇಕು: ಬಣ್ಣ ಒಣಗುವುದು ಎಂದರೇನು? ಇದರ ಉತ್ತರದ ಅರ್ಧಭಾಗ ಈ ಮೂರು ತಾಲ್ಲೂಕುಗಳ ಹೊಲದಲ್ಲೇ ಇದೆ. ಕುಸುಬಿ ಮತ್ತು ಅಗಸಿ ಇಲ್ಲಿನ ಎರೆಭೂಮಿಯ ಹಿಂಗಾರಿ ಬೆಳೆಗಳು; ಕುಸುಬಿಯ ಕ್ಷೇತ್ರ ಈಗ ಬಹಳ ಕುಗ್ಗಿದೆಯಾದರೂ ಗಾಣದ ಕುಸುಬಿ ಎಣ್ಣೆಯ ರುಚಿ ಮರೆಯದ ಮನೆಗಳು ಇನ್ನೂ ಇವೆ. ಹಳೇ ಕುಸುಬಿ ಎಣ್ಣೆ ಡಬ್ಬಿಯ ಬಾಯಿಯ ಸುತ್ತ ನೋಡಿ. ಸೋರಿ ಇಳಿದ ಎಣ್ಣೆ ಹಳದಿ ಅಂಟಾಗಿ, ಕೆಲವು ತಿಂಗಳಲ್ಲಿ ಉಗುರಿನಿಂದ ಸುಲಿಯಬಹುದಾದ ಪೊರೆಯಾಗಿರುತ್ತದೆ. ಸೋಪಿಗೆ ಹೋಗದು, ಬಿಸಿನೀರಿಗೆ ಹೋಗದು. ಅಲ್ಲಿ ಏನೂ ಆವಿಯಾಗಿಲ್ಲ. ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿಕೊಂಡಿದೆ. ಕುಸುಬಿ ಎಣ್ಣೆಯಲ್ಲಿ ಮುಕ್ಕಾಲು ಭಾಗದಷ್ಟು ಲಿನೋಲಿಯಿಕ್ ಆಮ್ಲ, ಅಗಸಿಯಲ್ಲಿ ಅರ್ಧಕ್ಕಿಂತ ಹೆಚ್ಚು ಲಿನೋಲೆನಿಕ್ ಆಮ್ಲ. ಇವುಗಳ ಸರಪಳಿಯಲ್ಲಿ ಎರಡು ಜೋಡಿಬಂಧಗಳ ನಡುವೆ ಸಿಕ್ಕ ಜಾಗ ದುರ್ಬಲ. ಆಮ್ಲಜನಕ ಅಲ್ಲಿ ದಾಳಿ ಮಾಡಿ, ಒಂದು ಅಣುವನ್ನು ಪಕ್ಕದ ಅಣುವಿಗೆ ಕಟ್ಟಿಹಾಕುತ್ತದೆ. ಹೀಗೆ ಸಾವಿರಾರು ಕಟ್ಟುಗಳು ಬಿದ್ದು ದ್ರವವಿದ್ದದ್ದು ಜಾಲವಾಗುತ್ತದೆ. ಕಲಾವಿದರು ಬಿಳಿ ಬಣ್ಣಕ್ಕೆ ಅಗಸಿಗಿಂತ ಕುಸುಬಿ ಎಣ್ಣೆಯನ್ನು ಇಷ್ಟಪಡುವುದಕ್ಕೂ ಇದೇ ರಸಾಯನ ಕಾರಣ: ಲಿನೋಲೆನಿಕ್ ಕಡಿಮೆ ಇದ್ದಷ್ಟೂ ನಿಧಾನ ಒಣಗುತ್ತದೆ, ಆದರೆ ಹಳದಿಗಟ್ಟುವುದೂ ಕಡಿಮೆ.

ಮೊದಮೊದಲ ಕಾರುಗಳಿಗೆ ಹಚ್ಚುತ್ತಿದ್ದುದು ಇಂಥ ಎಣ್ಣೆಯ ವಾರ್ನಿಶ್. ಒಂದರ ಮೇಲೊಂದು ಪದರ ಒಣಗಲು ವಾರಗಟ್ಟಲೆ ಬೇಕಿತ್ತು. 1923ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯ ಡುಕೋ ಎಂಬ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಕಾರಿನ ಮೇಲೆ ಬಂದಾಗ ವಾರಗಳ ಕೆಲಸ ದಿನಗಳಿಗೆ ಇಳಿಯಿತು. ಅದರಲ್ಲಿ ಥಿನ್ನರ್ ಆವಿಯಾದರೆ ಸಾಕು, ಬಣ್ಣ ಗಟ್ಟಿ. ಆದರೆ ಆವಿಯಾಗಿ ಗಟ್ಟಿಯಾದದ್ದು ಥಿನ್ನರ್ ತಾಗಿದರೆ ಮತ್ತೆ ಕರಗುತ್ತದೆ. ಕೊನೆಗೆ ಗೆದ್ದದ್ದು ಮೂರನೇ ದಾರಿ. 1937ರಲ್ಲಿ ಜರ್ಮನಿಯಲ್ಲಿ ಒಟ್ಟೋ ಬೇಯರ್ ಪಾಲಿಯುರೇಥೇನ್ ರಸಾಯನವನ್ನು ಕಂಡುಹಿಡಿದರು. ಈಗ ಗ್ಯಾರೇಜಿನವರು ಟೂ-ಕೆ ಎನ್ನುವ ಕ್ಲಿಯರ್, ಬೇಯರ್ ತೋರಿದ ದಾರಿಯದು. ಬಣ್ಣದ ಡಬ್ಬಿ ಒಂದು, ಹಾರ್ಡನರ್ ಡಬ್ಬಿ ಇನ್ನೊಂದು. ಬೆರೆಸಿದ ಮೇಲೆ ಎರಡರ ಅಣುಗಳು ಪರಸ್ಪರ ಕಟ್ಟಿಕೊಂಡು ಜಾಲವಾಗುತ್ತವೆ. ಗಾಳಿ ಬೇಕಿಲ್ಲ, ಮತ್ತೆ ಕರಗುವುದೂ ಇಲ್ಲ.

ಹಾರ್ಡ್‌ವೇರ್ ಅಂಗಡಿಯ ಎನಾಮೆಲ್ ಡಬ್ಬಿ ತಂದು ಬ್ರಶ್‌ನಿಂದ ಗೀರು ತುಂಬಿಸುವವರಿಗೆ ನನ್ನ ತಕರಾರು ಇಲ್ಲಿಂದಲೇ ಹುಟ್ಟುವುದು. ಆ ಎನಾಮೆಲ್ ಆಲ್ಕಿಡ್ ರಾಳ, ಅಂದರೆ ಎಣ್ಣೆಯ ಸಂತಾನ. ಕಿಟಕಿ ಸರಳಿಗೆ, ಗೇಟಿಗೆ ಅದು ಒಳ್ಳೆಯದೇ. ಕಾರಿನ ಮೇಲೆ ಅದು ಮೆತ್ತಗೆ ಉಳಿಯುತ್ತದೆ, ಬಿಸಿಲಿಗೆ ಬೇಗ ಮಂಕಾಗುತ್ತದೆ, ಮುಂದೆ ಸರಿಯಾದ ಬಣ್ಣ ಹೊಡೆಯುವಾಗ ಟೂ-ಕೆ ಥಿನ್ನರ್ ತಾಗಿ ಸುಕ್ಕುಗಟ್ಟಿ ಏಳುತ್ತದೆ. ತುಂಬಿಸಲು ಪಟ್ಟ ಶ್ರಮ, ಕಿತ್ತು ತೆಗೆಯಲು ಪಡುವ ಶ್ರಮಕ್ಕೆ ದಾರಿಯಾಗುತ್ತದೆ.

ಕ್ಲಿಯರ್‌ನಲ್ಲೇ ನಿಂತ ಗೀರಿಗೆ ಏನನ್ನೂ ತುಂಬುವುದಿಲ್ಲ. ಸುತ್ತಲಿನ ಮಟ್ಟವನ್ನೇ ಗೀರಿನ ತಳದ ಕಡೆಗೆ ಇಳಿಸುತ್ತಾರೆ. 2000 ನಂಬರಿನ ವಾಟರ್ ಪೇಪರನ್ನು ಸೋಪು ನೀರಿನಲ್ಲಿ ನೆನೆಸಿ ಹಗುರಾಗಿ ಉಜ್ಜಬೇಕು. ಅದರ ಕಣ ಸುಮಾರು 10 ಮೈಕ್ರಾನ್. ಆಮೇಲೆ 3000, ಆಮೇಲೆ ರಬ್ಬಿಂಗ್ ಕಾಂಪೌಂಡ್. ಪ್ರತಿಯೊಂದೂ ಹಿಂದಿನದು ಬಿಟ್ಟ ಗೆರೆಗಳನ್ನು ಇನ್ನೂ ಸಣ್ಣ ಗೆರೆಗಳಾಗಿ ಒಡೆಯುತ್ತದೆ, ಕೊನೆಗೆ ಅವು ಬೆಳಕಿನ ತರಂಗಾಂತರಕ್ಕೂ ಸಣ್ಣವಾಗಿ ಚದುರುವಿಕೆ ನಿಲ್ಲುತ್ತದೆ. ಉಜ್ಜುವಾಗ ಇಳಿಯುವ ನೀರಿನ ಬಣ್ಣ ನೋಡುತ್ತಲೇ ಇರಬೇಕು. ಹಾಲಿನಂತೆ ಬೆಳ್ಳಗಿದ್ದರೆ ಹೋಗುತ್ತಿರುವುದು ಕ್ಲಿಯರ್. ನೀರಿಗೆ ಕಾರಿನ ಬಣ್ಣ ಬಂದ ಕ್ಷಣ ಕೈ ನಿಲ್ಲಬೇಕು, ಏಕೆಂದರೆ 15 ಮೈಕ್ರಾನಿನ ಪದರ ಬಯಲಾಗಿದೆ. ಬಾಗಿಲ ಮಡಿಕೆಯ ಅಂಚುಗಳಲ್ಲಿ ಲೇಪ ಮೊದಲೇ ತೆಳ್ಳಗಿರುವುದರಿಂದ ಅಲ್ಲಿ ಪೇಪರ್ ತಾಗಿಸಲೇಬಾರದು.

ಹಾಗೆಂದು ಪಾಲಿಶ್ ಮಾಡಿಸಿದಷ್ಟೂ ಒಳ್ಳೆಯದಲ್ಲ. ಕ್ಲಿಯರ್ ಕೋಟಿನಲ್ಲಿ ಅತಿನೇರಳೆ ಕಿರಣ ಹೀರುವ ರಾಸಾಯನಿಕಗಳನ್ನು ಬೆರೆಸಿರುತ್ತಾರೆ. ಪದರ ತೆಳ್ಳಗಾದಷ್ಟೂ ಆ ರಕ್ಷಣೆ ಕಡಿಮೆ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ, ಬಿಸಿಲಿಗೆ ನಿಂತ ಕಪ್ಪು ಬಾನೆಟ್ 70 ಡಿಗ್ರಿ ಮುಟ್ಟುವ ಕಲಬುರಗಿ ಸೀಮೆಯಲ್ಲಿ ವರ್ಷವರ್ಷ ರಬ್ಬಿಂಗ್ ಮಾಡಿಸಿದ ಕಾರಿನ ನೆತ್ತಿ ಬೇಗ ಪೊರೆ ಸುಲಿಯುತ್ತದೆ. ಕಣ್ಣಿಗೆ ಹೊಡೆಯದ ಸಣ್ಣ ಗೀರನ್ನು ಹಾಗೇ ಬಿಡುವುದು ಜಾಣತನವೆಂದು ನನ್ನ ಖಚಿತ ಅಭಿಪ್ರಾಯ.

ಬಣ್ಣದ ಪದರ ದಾಟಿದ ಗೀರಿನ ಕಥೆ ಕಾರಿನ ಬಣ್ಣವನ್ನೇ ಅವಲಂಬಿಸಿದೆ. ಸಾದಾ ಬಿಳಿ ಗಾಡಿಗೆ ಕಂಪನಿಯ ಕಲರ್ ಕೋಡ್ ನೋಡಿ ತಂದ ಟಚಪ್ ಬಣ್ಣವನ್ನು ಸಣ್ಣ ಕಡ್ಡಿಯ ತುದಿಯಿಂದ ತುಂಬಿಸಿದರೆ ಎರಡು ಮಾರು ದೂರದಿಂದ ಯಾರಿಗೂ ಕಾಣದು. ಸಿಲ್ವರ್ ಗಾಡಿಗೆ ಅದೇ ಡಬ್ಬಿಯ ಅದೇ ಬಣ್ಣ ತುಂಬಿಸಿದರೂ ಕಪ್ಪು ಗೆರೆಯಾಗಿ ಎದ್ದು ಕಾಣುತ್ತದೆ. ಸಿಲ್ವರ್ ಬಣ್ಣದಲ್ಲಿ ಅಲ್ಯೂಮಿನಿಯಂನ ತೆಳು ಹಾಳೆಚೂರುಗಳಿವೆ, ದಪ್ಪ ಒಂದು ಮೈಕ್ರಾನಿಗೂ ಕಡಿಮೆ. ಗನ್‌ನಿಂದ ಸಿಂಪಡಿಸಿದ ಹನಿ ತಗಡಿಗೆ ಬಡಿದು ಹರಡಿ, ಥಿನ್ನರ್ ಆರಿ ಪದರ ಕುಗ್ಗುವಾಗ ಈ ಚೂರುಗಳೆಲ್ಲ ಅಡ್ಡ ಮಲಗುತ್ತವೆ, ಕನ್ನಡಿಯಂತೆ ಬೆಳಕು ಮರಳಿಸುತ್ತವೆ. ಕಡ್ಡಿಯಿಂದ ತುಂಬಿಸಿದ ಹನಿಯಲ್ಲಿ ಅವು ದಿಕ್ಕುದೆಸೆಯಿಲ್ಲದೆ ನಿಂತುಬಿಡುತ್ತವೆ. ಅದಕ್ಕೇ ಮೆಟಾಲಿಕ್ ಗಾಡಿಗೆ ಒಂದು ಗೀರು ಬಿದ್ದರೂ ಪೇಂಟರ್ ಇಡೀ ಬಾಗಿಲಿಗೆ ಗನ್ ಹಿಡಿಯಬೇಕು ಎನ್ನುತ್ತಾನೆ, ಪಕ್ಕದ ಬಾಗಿಲಿನವರೆಗೂ ಬಣ್ಣವನ್ನು ತೇಲಿಸಬೇಕು ಎನ್ನುತ್ತಾನೆ. ಅದು ದುಡ್ಡು ಕೀಳುವ ಮಾತಲ್ಲ.

ಲೋಹ ಕಂಡಿತೆಂದರೆ ತುಕ್ಕಿನ ಗಡಿಯಾರ ಶುರು. ಆದರೆ ಈ ಗಡಿಯಾರ ಎಲ್ಲ ಊರಲ್ಲೂ ಒಂದೇ ವೇಗದಲ್ಲಿ ಓಡದು. ಗಾಳಿಯ ತೇವಾಂಶ 60 ಪ್ರತಿಶತಕ್ಕಿಂತ ಕೆಳಗಿದ್ದರೆ ಶುದ್ಧ ಗಾಳಿಯಲ್ಲಿ ಉಕ್ಕು ಬಹಳ ನಿಧಾನ ತುಕ್ಕು ಹಿಡಿಯುತ್ತದೆ. ಅದು ದಾಟಿದರೆ ವೇಗ ಏಕಾಏಕಿ ಏರುತ್ತದೆ. ಮಂಗಳೂರಿನಲ್ಲಿ ಉಪ್ಪುಗಾಳಿಯೂ ಸೇರಿ ಒಂದೆರಡು ದಿನದಲ್ಲೇ ಕೆಂಪಾಗುವ ಗೀರು, ಏಪ್ರಿಲ್ ತಿಂಗಳ ಅಫಜಲಪುರದಲ್ಲಿ ವಾರಗಟ್ಟಲೆ ಬೂದಾಗಿಯೇ ಇರಬಹುದು. ಮುಂಗಾರು ಬಂದು ಭೀಮಾ ನದಿಯ ದಂಡೆ ತೇವಗೊಂಡ ಮೇಲೆ ಆ ರಿಯಾಯಿತಿ ಇಲ್ಲ. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ, ಪಕ್ಕದ ಬಣ್ಣವನ್ನು ಎಬ್ಬಿಸಿ ಅದರಡಿ ನುಗ್ಗುತ್ತದೆ. ಕಾರು ಸತು ಲೇಪಿಸಿದ ತಗಡಿನದಾದರೆ ಸತು ಮೊದಲು ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ, ಗೀರಿನ ಅಂಚಿನಲ್ಲಿ ಬಿಳಿ ಹುಡಿ ಕಾಣುವುದು ಅದರ ಗುರುತು.

ಇಲ್ಲಿ ನಮ್ಮ ಕಡೆಯ ಗ್ಯಾರೇಜುಗಳ ಒಂದು ರೂಢಿಯ ಬಗ್ಗೆ ಹೇಳಲೇಬೇಕು. ತಗಡು ನಗ್ಗಿದ್ದರೆ ಪುಟ್ಟಿ ಹಾಕುತ್ತಾರೆ, ಸರಿ. ಪುಟ್ಟಿ ಎಂದರೆ ಪಾಲಿಯೆಸ್ಟರ್ ರಾಳದಲ್ಲಿ ಟಾಲ್ಕ್ ಪುಡಿ. ಹಾರ್ಡನರ್ ಪೆರಾಕ್ಸೈಡ್ ಪೇಸ್ಟ್, ನೂರಕ್ಕೆ ಎರಡು ಭಾಗ ಸಾಕು. ಆದರೆ ಅದನ್ನು ನೀರು ಹಾಕಿ ಉಜ್ಜುತ್ತಾರೆ. ಟಾಲ್ಕ್ ತುಂಬಿದ ಪುಟ್ಟಿಯಲ್ಲಿ ಸೂಕ್ಷ್ಮ ರಂಧ್ರಗಳಿವೆ, ನೀರು ಕುಡಿಯುತ್ತದೆ. ಕುಡಿದ ನೀರಿನ ಮೇಲೆ ಪ್ರೈಮರ್, ಬಣ್ಣ, ಕ್ಲಿಯರ್ ಎಲ್ಲ ಬೀಳುತ್ತವೆ. ಬಿಸಿಲಿಗೆ ಆ ನೀರು ಆವಿಯಾಗಿ ಹೊರಹೋಗಲು ದಾರಿಯಿಲ್ಲದೆ ಬಣ್ಣವನ್ನು ಗುಳ್ಳೆ ಎಬ್ಬಿಸುತ್ತದೆ, ಕೆಳಗೆ ತಗಡು ತುಕ್ಕು ಹಿಡಿಯುತ್ತದೆ. ‘ಬಣ್ಣ ಕಳಪೆ ಇತ್ತು’ ಎಂದು ಆಮೇಲೆ ಬೈಸಿಕೊಳ್ಳುವುದು ಬಣ್ಣ. ಪುಟ್ಟಿಯನ್ನು ನೀರಿಲ್ಲದೆಯೇ ಉಜ್ಜಬೇಕು, ತೇವದ ಪೇಪರ್ ಪ್ರೈಮರ್ ಒಣಗಿದ ಮೇಲೆ. ತುಕ್ಕು ಪೂರ್ತಿ ತೆಗೆದು ಎಪಾಕ್ಸಿ ಪ್ರೈಮರ್ ಹಚ್ಚಿ, ಅದರ ಮೇಲೆ ಪುಟ್ಟಿ ಹಾಕಿದರೆ ಇನ್ನೂ ಕ್ಷೇಮ.

ಬಣ್ಣ ಹೊಡೆಯುವ ಹೊತ್ತನ್ನೂ ಹವೆಯೇ ತೀರ್ಮಾನಿಸಬೇಕು. ಪೇಂಟ್ ಬೂತ್ ಇಲ್ಲದ ಗ್ಯಾರೇಜಿನಲ್ಲಿ ಮೇ ತಿಂಗಳ ಮಧ್ಯಾಹ್ನ ಗನ್ ಹಿಡಿದರೆ ಹನಿ ತಗಡು ಮುಟ್ಟುವ ಮೊದಲೇ ಥಿನ್ನರ್ ಹಾರಿರುತ್ತದೆ. ಹನಿ ಹರಡಿ ಒಂದಾಗುವುದಿಲ್ಲ, ಮೇಲ್ಮೈ ಮರಳು ಉದುರಿಸಿದಂತೆ ಒರಟಾಗುತ್ತದೆ. ಬೇಸಿಗೆಗೆ ನಿಧಾನವಾಗಿ ಆರುವ ಥಿನ್ನರ್ ಬೇರೆಯೇ ಸಿಗುತ್ತದೆ, ಜತೆಗೆ ಬೆಳಗಿನ ತಂಪು ಹೊತ್ತು ಮತ್ತು ದೂಳು ಏಳದಂತೆ ನೀರು ಚಿಮುಕಿಸಿದ ನೆಲ ಬೇಕು. ಮಳೆಗಾಲದ ತೊಂದರೆ ತಿರುವುಮುರುವು: ಟೂ-ಕೆ ಹಾರ್ಡನರ್ ನೀರಿನೊಡನೆಯೂ ಸೇರಿ ಕಾರ್ಬನ್ ಡೈ ಆಕ್ಸೈಡ್ ಬಿಡುತ್ತದೆ, ಕ್ಲಿಯರ್ ಒಳಗೆ ಸೂಜಿಮೊನೆಯ ಗುಳ್ಳೆಗಳು ಉಳಿಯುತ್ತವೆ.

ಕಿಡಿಗೇಡಿತನ ಗೀರೊಂದೇ ರೂಪದಲ್ಲಿ ಬರುವುದಿಲ್ಲ. ಬ್ರೇಕ್ ಆಯಿಲ್ ಸುರಿದರೆ ಅದರ ಗ್ಲೈಕಾಲ್ ಈಥರ್ ಬಣ್ಣದೊಳಕ್ಕೆ ಇಳಿದು ಉಬ್ಬಿಸುತ್ತದೆ. ಒರೆಸಿದರೆ ಇನ್ನಷ್ಟು ಹರಡುತ್ತದೆ. ಆದರೆ ಅದು ನೀರಿನಲ್ಲಿ ಕರಗುತ್ತದೆ, ಹಾಗಾಗಿ ಮೊದಲು ಧಾರಾಳವಾಗಿ ನೀರು ಸುರಿಯಬೇಕು. ಸ್ಪ್ರೇ ಪೇಂಟ್ ಮೆತ್ತಿದರೆ ಥಿನ್ನರ್ ಹಿಡಿದು ಓಡಬೇಡಿ. ಕಾರ್ಖಾನೆಯ ಕ್ಲಿಯರ್ ಕರಗದ ಜಾಲ, ಮೇಲೆ ಬಿದ್ದ ಡಬ್ಬಿ ಬಣ್ಣ ಸಾಮಾನ್ಯವಾಗಿ ಆವಿಯಾಗಿ ಒಣಗಿದ್ದು. ಆ ವ್ಯತ್ಯಾಸದಿಂದಲೇ ಕ್ಲೇ ಬಾರ್ ಮತ್ತು ಕಾಂಪೌಂಡಿನಿಂದ ಎಷ್ಟೋ ಸಲ ಅದನ್ನು ಎತ್ತಿ ತೆಗೆಯಬಹುದು. ಈ ಹಿಂದೆ ರಿಪೇರಿ ಮಾಡಿದ ಬಾಗಿಲಾದರೆ ಮಾತ್ರ ಎಚ್ಚರ, ಅದರ ಬಣ್ಣ ಕರಗದ ಜಾಲವಾಗಿರದೆ ಇರಬಹುದು.

ಕೊನೆಗೆ, ಗನ್ ಹಿಡಿಯುವ ಮನುಷ್ಯನ ಮಾತು. ಟೂ-ಕೆ ಹಾರ್ಡನರಿನಲ್ಲಿರುವುದು ಐಸೊಸಯನೇಟ್. 1984ರಲ್ಲಿ ಭೋಪಾಲದಲ್ಲಿ ಸೋರಿದ ಅನಿಲವೂ ಇದೇ ಕುಟುಂಬದ್ದು. ಗ್ಯಾರೇಜಿನದು ಅಷ್ಟು ಬೇಗ ಹಾರುವಂಥದ್ದಲ್ಲ, ಆದರೆ ಗನ್‌ನಿಂದ ಮಂಜಾಗಿ ಹೊರಟರೆ ಸೀದಾ ಪುಪ್ಪುಸಕ್ಕೆ ಹೋಗುತ್ತದೆ. ಅಪಾಯದ ಮಟ್ಟದಲ್ಲಿದ್ದಾಗಲೂ ಅದರ ವಾಸನೆ ತಿಳಿಯದು, ಮೂಗಿಗೆ ಬಡಿಯುವುದು ಥಿನ್ನರ್. ಕೆಲವರ ದೇಹ ಒಮ್ಮೆ ಅದಕ್ಕೆ ಸೂಕ್ಷ್ಮವಾಯಿತೆಂದರೆ ಆಮೇಲೆ ಅತಿ ಕಡಿಮೆ ಪ್ರಮಾಣಕ್ಕೂ ಉಬ್ಬಸ ಬರುತ್ತದೆ, ಕಲಿತ ಕಸುಬನ್ನೇ ಬಿಡಬೇಕಾಗುತ್ತದೆ. ಮುಖಕ್ಕೆ ಕಟ್ಟಿದ ಕರವಸ್ತ್ರ ಇದನ್ನು ತಡೆಯುವುದಿಲ್ಲ, ಕೋವಿಡ್ ಕಾಲದ ಬಟ್ಟೆ ಮಾಸ್ಕೂ ತಡೆಯುವುದಿಲ್ಲ. ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯಲ್ಲಿ ಕೊಡುವ ಮಾಸ್ಕೇ ಬೇಕು, ಹೊಡೆಯುವಾಗ ಶೆಡ್ಡಿನಲ್ಲಿ ಬೇರೆ ಹುಡುಗರು ಇರಬಾರದು, ಮಂಜು ಇಳಿಯುವವರೆಗೆ ಮಾಸ್ಕ್ ತೆಗೆಯಬಾರದು. ಗಾಡಿ ಕೊಡುವ ಮೊದಲು ಇದನ್ನು ವಿಚಾರಿಸುವ ಗಿರಾಕಿ ನೂರಕ್ಕೊಬ್ಬನೂ ಸಿಗಲಾರ. ಉಗುರಿಗೆ ಸಿಗದ ಗೀರಿಗೂ ‘ಫುಲ್ ಪೇಂಟ್ ಹೊಡೀರಿ’ ಎಂದು ಹಟ ಹಿಡಿಯುವವರಂತೂ ಬಹಳ. ಆ ಬಾಗಿಲಿಗೆ ಬೇಕಿದ್ದುದು ಒಂದು ಬಕೆಟ್ ಸೋಪು ನೀರು, ಒಂದು ತುಂಡು ವಾಟರ್ ಪೇಪರ್, ಅರ್ಧ ಗಂಟೆಯ ತಾಳ್ಮೆ.